ಅಂಗೈಯಲ್ಲಿ ಬರೆದ ಹೆಸರು

ಸ್ನಾನಿಕ ಸಂತ ಯೊವಾನ್ನರ ಜನನೋತ್ಸವದ ಪ್ರಬೋಧನೆ (ಜೂನ್ 24)
ವಾಚನಗಳು: ಯೆಶಾಯ 49:1-6, ಪ್ರೇಷಿತರ ಕಾರ್ಯಕಲಾಪಗಳು 13:22-26, ಲೂಕ 1:57-66, 80



ಸಂತರ ಹಬ್ಬವನ್ನು ಧರ್ಮಸಭೆ ಸಾಮಾನ್ಯವಾಗಿ ಅವರು ಈ ಲೋಕವನ್ನು ಬಿಟ್ಟುಹೋದ ದಿನದಂದು ಆಚರಿಸುತ್ತದೆ. ಹುಟ್ಟಿದ ದಿನವನ್ನು ಹಬ್ಬವಾಗಿ ಆಚರಿಸುವುದು ಮೂವರದ್ದು ಮಾತ್ರ: ಪ್ರಭು ಯೇಸುವಿನದು, ಮಾತೆ ಮರಿಯಮ್ಮನವರದು, ಮತ್ತು ಸ್ನಾನಿಕ ಯೊವಾನ್ನರದು. ಯೊವಾನ್ನ ಎಂದರೆ ದೇವರು ಕೃಪೆ ತೋರಿದ್ದಾರೆ ಎಂದು ಅರ್ಥ. ನಮ್ಮ ಹಿರಿಯರು ಮಕ್ಕಳಿಗೆ ಅರುಳಪ್ಪ ಎಂದು ಹೆಸರಿಡುತ್ತಿದ್ದರಲ್ಲ, ಅದೂ ಈ ಸಂತರ ಹೆಸರೇ. ಅರುಳು ಎಂದರೆ ಕೃಪೆ.

ಇಂದಿನ ಶುಭಸಂದೇಶದಲ್ಲಿ ನಾವು ಕೇಳಿದ್ದು ಒಂದು ನಾಮಕರಣದ ಮನೆಯ ಚರ್ಚೆಯನ್ನು. ಮಗುವಿಗೆ ತಂದೆಯ ಹೆಸರೇ ಇರಲಿ ಎಂದು ನೆಂಟರಿಷ್ಟರು ಹೇಳುತ್ತಾರೆ. ಬೇಡ, ಯೊವಾನ್ನ ಎಂದೇ ಇಡಬೇಕು ಎಂದು ತಾಯಿ ಎಲಿಜಬೇತಳು ಹೇಳುತ್ತಾಳೆ. ನಮ್ಮ ಮನೆಗಳಲ್ಲಿ ನಡೆಯುವಂತೆ, ಹೆಂಗಸಿನ ಮಾತು ಸಾಲದೆಂದು ಅವರು ತಂದೆಯ ಕಡೆ ತಿರುಗುತ್ತಾರೆ. ಹೇಗೆ ಕೇಳುತ್ತಾರೆ? ಸನ್ನೆ ಮಾಡಿ ಕೇಳುತ್ತಾರೆ.

ಈ ಸಣ್ಣ ಮಾತನ್ನು ನಾನು ಸೆಮಿನರಿಯಲ್ಲಿ ಓದುವಾಗ ಗಮನಿಸಿರಲಿಲ್ಲ. ಜಕರೀಯ ಮಾತು ಕಳೆದುಕೊಂಡಿದ್ದ ಎಂದಷ್ಟೇ ನೆನಪಿಟ್ಟುಕೊಂಡಿದ್ದೆ. ಬರೀ ಮಾತು ನಿಂತಿದ್ದರೆ ಬಾಯಿಂದಲೇ ಕೇಳಬಹುದಿತ್ತಲ್ಲ? ಸನ್ನೆ ಮಾಡಬೇಕಾಯಿತು ಎಂದರೆ ಅವನಿಗೆ ಕಿವಿಯೂ ಕೇಳುತ್ತಿರಲಿಲ್ಲ ಎಂದು ಅನೇಕ ಬೈಬಲ್ ಪಂಡಿತರು ವಿವರಿಸುತ್ತಾರೆ. ಬಾಯಿ ಮುಚ್ಚಿತ್ತು, ಕಿವಿ ಮುಚ್ಚಿತ್ತು. ಆದರೂ ಸುತ್ತಲಿನವರು ಅವನನ್ನು ಮೂಲೆಗೆ ತಳ್ಳಲಿಲ್ಲ. ಸನ್ನೆ ಮಾಡಿದರು, ಬರೆಯುವ ಹಲಗೆ ತಂದುಕೊಟ್ಟರು. ಅವನ ಕೈ ಮಗನ ಹೆಸರನ್ನು ಬರೆಯಿತು.

ಜಕರೀಯನಿಗೆ ಕಣ್ಣಾದರೂ ಇತ್ತು, ಸನ್ನೆ ಕಾಣುತ್ತಿತ್ತು. ಕಣ್ಣು, ಕಿವಿ ಎರಡೂ ಇಲ್ಲದ ಮಗುವಿಗೆ ನಾವು ಹೆಸರು ಹೇಳುವುದು ಹೇಗೆ? ಈ ಹಬ್ಬದ ದಿನ ಆ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಪಾವಗಡದ ಕಡೆಯ ಒಂದು ಹಳ್ಳಿಗೆ ಮನೆ ಮಂತ್ರಿಸಲು ಹೋಗಿದ್ದೆ. ಊರಿನ ಹೆಸರಾಗಲಿ, ಮನೆಯವರ ಹೆಸರಾಗಲಿ ಇಲ್ಲಿ ಬೇಡ. ಪ್ರಾರ್ಥನೆ ಮುಗಿಸಿ ಒಳಕೋಣೆಗೆ ಹೋದಾಗ, ಎಂಟೊಂಬತ್ತು ವರ್ಷದ ಹುಡುಗನೊಬ್ಬ ಗೋಡೆಗೆ ಬೆನ್ನು ಕೊಟ್ಟು ಕೂತು ಹಿಂದಕ್ಕೂ ಮುಂದಕ್ಕೂ ಮೈ ತೂಗುತ್ತಿದ್ದ. ಅವನ ವಿಷಯ ಮನೆಯವರು ನನಗೆ ಹೇಳಿರಲಿಲ್ಲ. ನಾನು ಎಲ್ಲ ಮಕ್ಕಳಿಗೂ ಮಾಡುವಂತೆ ಪವಿತ್ರ ಜಲ ಚಿಮುಕಿಸಿ ಅವನ ತಲೆಯ ಮೇಲೆ ಕೈಯಿಟ್ಟೆ. ಅವನು ಚೀರಿಕೊಂಡ. ತನ್ನ ಕೈಯನ್ನೇ ಕಚ್ಚಿಕೊಂಡ. ನಾನು ಹೆದರಿ ಹಿಂದೆ ಸರಿದೆ.

"ಅವನಿಗೆ ಕಣ್ಣೂ ಕಾಣಲ್ಲ, ಕಿವಿನೂ ಕೇಳಲ್ಲ ಸ್ವಾಮಿ," ಎಂದು ತಾಯಿ ಕಣ್ಣೊರೆಸಿಕೊಂಡರು. ನಾನು ಹೊರಡುವಾಗ ಬಾಗಿಲ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಸ್ವಾಮಿ, ನಾನು ಅವನ ತಾಯಿ ಅಂತ ಅವನಿಗೆ ಗೊತ್ತಿರ್ತದಾ?"

ನನ್ನ ದೈವಶಾಸ್ತ್ರದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಪ್ರಾರ್ಥಿಸುತ್ತೇನೆ ಎಂದು ಹೇಳಿ ಬೈಕ್ ಹತ್ತಿದೆ.

ಆ ಮನೆಗೆ ಶಿಕ್ಷಣ ಇಲಾಖೆಯ ಕಡೆಯಿಂದ ಒಬ್ಬ ವಿಶೇಷ ಶಿಕ್ಷಕಿ ಬರುತ್ತಿದ್ದರು. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣ ಅದು. ಮುಂದೊಂದು ದಿನ ಅವರು ಸಿಕ್ಕಾಗ ನಡೆದುದನ್ನು ಹೇಳಿದೆ. ಅವರು ನಕ್ಕು, "ಫಾದರ್, ನೀವು ಕತ್ತಲಲ್ಲಿ ಒಬ್ಬರೇ ಕೂತಿರುವಾಗ, ಯಾರೋ ಸದ್ದಿಲ್ಲದೆ ಬಂದು ತಣ್ಣೀರು ಎರಚಿ ತಲೆ ಹಿಡಿದರೆ ನೀವೇನು ಮಾಡುತ್ತೀರಿ?" ಎಂದರು. ಆ ಒಂದು ಪ್ರಶ್ನೆಯಿಂದ ನನ್ನ ಪಾಠ ಆರಂಭವಾಯಿತು.

ಕೈಯೊಂದೇ ಕೈಕೊಟ್ಟಿಲ್ಲ

ಇಂಥ ಮಕ್ಕಳನ್ನು ಇಂಗ್ಲಿಷಿನಲ್ಲಿ ಡೆಫ್‌ಬ್ಲೈಂಡ್ ಎನ್ನುತ್ತಾರೆ. ಎಲ್ಲರಿಗೂ ಪೂರ್ತಿ ಕತ್ತಲೆ, ಪೂರ್ತಿ ಮೌನ ಇರುತ್ತದೆ ಎಂದಲ್ಲ. ಅನೇಕರಿಗೆ ಸ್ವಲ್ಪ ನೋಟವೋ ಸ್ವಲ್ಪ ಕೇಳುವಿಕೆಯೋ ಉಳಿದಿರುತ್ತದೆ. ಕಷ್ಟ ಎಲ್ಲಿದೆ ಎಂದರೆ, ಕಣ್ಣಿಲ್ಲದವರಿಗೆ ಕಿವಿ ಆಸರೆಯಾಗುತ್ತದೆ, ಕಿವಿಯಿಲ್ಲದವರಿಗೆ ಕಣ್ಣು ಆಸರೆಯಾಗುತ್ತದೆ. ಇವರಿಗೆ ಆ ಎರಡು ಆಸರೆಗಳೂ ಒಟ್ಟಿಗೆ ತಪ್ಪಿವೆ. ಅಂಧರ ಶಾಲೆಯಲ್ಲಿ ಪಾಠವನ್ನು ಬಾಯಲ್ಲಿ ಹೇಳುತ್ತಾರೆ, ಇವನಿಗೆ ಕೇಳದು. ಕಿವುಡ ಮಕ್ಕಳ ಶಾಲೆಯಲ್ಲಿ ಸನ್ನೆಯಲ್ಲಿ ಕಲಿಸುತ್ತಾರೆ; ಇವನಿಗೆ ಕಾಣದು. ಕಣ್ಣು ಕೈಕೊಟ್ಟಿದೆ, ಕಿವಿ ಕೈಕೊಟ್ಟಿದೆ. ಕೈಯೊಂದೇ ಕೈಕೊಟ್ಟಿಲ್ಲ.

ಆದ್ದರಿಂದಲೇ ಇಂಥ ಮಗುವಿಗೆ ಒಂದು ತರಗತಿ, ಒಬ್ಬ ಮೇಷ್ಟ್ರು, ನಲವತ್ತು ಮಕ್ಕಳು ಎಂಬ ಲೆಕ್ಕ ನಡೆಯುವುದಿಲ್ಲ. ಒಂದು ಮಗುವಿಗೆ ಒಬ್ಬರು ಬೇಕು. ಕೈಗೆ ಕೈ ತಾಗುವಷ್ಟು ಹತ್ತಿರ ಕೂರುವವರು, ತರಬೇತಿ ಪಡೆದವರು, ಇಂದು ಬಂದು ನಾಳೆ ಬದಲಾಗದವರು ಬೇಕು. ಕೆನಡಾ, ಅಮೆರಿಕದಂಥ ದೇಶಗಳಲ್ಲಿ ಇವರನ್ನು ಇಂಟರ್‌ವೀನರ್ ಎನ್ನುತ್ತಾರೆ. ನಮ್ಮಲ್ಲಿ ವಿಶೇಷ ಶಿಕ್ಷಕರೇ ಈ ಕೆಲಸವನ್ನೂ ಹೊತ್ತಿದ್ದಾರೆ.

ಆ ಶಿಕ್ಷಕಿ ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಮೊದಲು ಹುಡುಗನ ಮುಂಗೈಯನ್ನು ಮೆಲ್ಲಗೆ ಮುಟ್ಟಿ ಕಾಯುತ್ತಿದ್ದರು. ಆಮೇಲೆ ತಮ್ಮ ಬಳೆಯನ್ನು ಅವನ ಬೆರಳಿಗೆ ಸಿಗುವಂತೆ ಹಿಡಿಯುತ್ತಿದ್ದರು. ಆ ಬಳೆಗೆ ನೂಲು ಸುತ್ತಿತ್ತು. ಬೇರೆ ಯಾರ ಬಳೆಗೂ ನೂಲು ಇರಲಿಲ್ಲ. ಆ ಬಳೆಯೇ ಅವರ ಹೆಸರು. ಬೆರಳು ನೂಲನ್ನು ಸವರಿದ ಕೂಡಲೆ ಹುಡುಗನ ಮೈ ತೂಗುವುದು ನಿಲ್ಲುತ್ತಿತ್ತು. ಅವರು ಎಂದೂ ಅವನ ಕೈಯನ್ನು ಮೇಲಿನಿಂದ ಹಿಡಿದು ಎಳೆಯುತ್ತಿರಲಿಲ್ಲ. ತಮ್ಮ ಕೈಯನ್ನು ಅವನ ಕೈಯ ಕೆಳಗೆ ತರುತ್ತಿದ್ದರು. ಮೇಲಿನಿಂದ ಹಿಡಿದರೆ ಮಗುವಿಗೆ ಅದು ಬಲವಂತ. ಕೆಳಗಿನಿಂದ ಕೊಟ್ಟರೆ ಬೇಕೆಂದಾಗ ಅದು ಕೈ ತೆಗೆಯಬಹುದು. ಕಣ್ಣಿಲ್ಲದ ಮಗುವಿಗೆ ಕೈಯೇ ಕಣ್ಣು. ಆ ಕಣ್ಣನ್ನು ನಾವು ಮುಚ್ಚಿ ಹಿಡಿಯಬಾರದು.

ಆಮೇಲೆ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಸಾಲಾಗಿ ಖಾನೆಗಳು. ದಿನದ ಒಂದೊಂದು ಕೆಲಸಕ್ಕೂ ಒಂದೊಂದು ವಸ್ತು. ಸ್ನಾನಕ್ಕೆ ಚೊಂಬು, ಹೊರಗೆ ಹೋಗುವುದಕ್ಕೆ ಚಪ್ಪಲಿಯ ಪಟ್ಟಿ, ಮಲಗುವುದಕ್ಕೆ ಹಳೆಯ ಕಂಬಳಿಯ ತುಂಡು. ಪುಸ್ತಕಗಳಲ್ಲಿ ಊಟಕ್ಕೆ ಚಮಚ ಇಡಿ ಎಂದಿರುತ್ತದಂತೆ. ರಾಗಿಮುದ್ದೆ ಉಣ್ಣುವ ಮನೆಯ ಮಗುವಿಗೆ ಚಮಚ ಯಾವ ಲೆಕ್ಕ? ಶಿಕ್ಷಕಿ ಮುದ್ದೆಕೋಲಿನ ಒಂದು ತುಂಡನ್ನು ಇಟ್ಟಿದ್ದರು. ಕೆಲಸ ಮುಗಿದ ಮೇಲೆ ಆ ವಸ್ತುವನ್ನು ಹುಡುಗನೇ ಬೇರೊಂದು ಡಬ್ಬಿಗೆ ಹಾಕಬೇಕು. ಮುಗಿಯಿತು, ಇನ್ನು ಮುಂದಿನದು ಎಂದು ಹಾಗೆ ತಿಳಿಯುತ್ತದೆ. ಅಲ್ಲಿಯವರೆಗೆ ಆ ಮಗುವಿನ ಪಾಲಿಗೆ ಲೋಕವೆಂದರೆ ಎಲ್ಲಿಂದಲೋ ಬಂದು ಮೈಮೇಲೆ ಬೀಳುವ ನೀರು, ಬಾಯಿಗೆ ತುರುಕುವ ತುತ್ತು, ಹೇಳದೆ ಕೇಳದೆ ಎತ್ತಿಕೊಂಡು ಹೋಗುವ ಕೈಗಳು. ಪೆಟ್ಟಿಗೆ ಬಂದ ಮೇಲೆ ಅವನಿಗೆ ನಾಳೆ ಎಂಬುದೊಂದು ಹುಟ್ಟಿತು.

ಒಬ್ಬರಿಗೊಬ್ಬರು

ಇದು ಹೊಸ ಮಾತಲ್ಲ. ಫ್ರಾನ್ಸಿನ ಪುವಾತಿಯೆ ನಗರದ ಬಳಿ ಲಾರ್ನೆ ಎಂಬಲ್ಲಿ ಕನ್ಯಾಸ್ತ್ರೀಯರು ಕಿವುಡ ಹುಡುಗಿಯರಿಗಾಗಿ ಶಾಲೆ ನಡೆಸುತ್ತಿದ್ದರು. ಸಂತ ಲೂಯಿ ಮಾಂಟ್‌ಫರ್ಟ್‌ರು ಸ್ಥಾಪಿಸಿದ ಡಾಟರ್ಸ್ ಆಫ್ ವಿಸ್ಡಮ್ ಸಭೆಯ ಕನ್ಯಾಸ್ತ್ರೀಯರು ಅವರು. 1895ರಲ್ಲಿ ಮರಿ ಹ್ಯೂರ್ತಿನ್ ಎಂಬ ಹತ್ತು ವರ್ಷದ ಹುಡುಗಿಯನ್ನು ಅಲ್ಲಿಗೆ ಕರೆತಂದರು. ಹುಟ್ಟಿನಿಂದಲೇ ಅವಳಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ನೆಲಕ್ಕೆ ಬಿದ್ದು ಹೊರಳಾಡಿ ಕಿರುಚುತ್ತಿದ್ದ ಅವಳನ್ನು ಸಿಸ್ಟರ್ ಸೇಂಟ್ ಮಾರ್ಗರೆಟ್ ಎಂಬುವರು ವಹಿಸಿಕೊಂಡರು. ಮರಿಗೆ ಮನೆಯಿಂದ ತಂದ ಒಂದು ಸಣ್ಣ ಚಾಕು ಪ್ರಾಣ. ಸಿಸ್ಟರ್ ಅದನ್ನು ಅವಳಿಂದ ತೆಗೆದುಕೊಂಡು, ಅವಳ ಒಂದು ಕೈಯಿಂದ ಇನ್ನೊಂದು ಕೈಯನ್ನು ಕತ್ತರಿಸುವಂತೆ ಸನ್ನೆ ಮಾಡಿಸಿ, ಚಾಕು ಹಿಂದಿರುಗಿಸಿದರು. ಮತ್ತೆ ತೆಗೆದುಕೊಂಡರು, ಮತ್ತೆ ಸನ್ನೆ, ಮತ್ತೆ ಚಾಕು. ಕೊನೆಗೊಂದು ದಿನ ಆ ಹುಡುಗಿ ತಾನಾಗಿಯೇ ಸನ್ನೆ ಮಾಡಿ ಚಾಕು ಕೇಳಿದಳು. ಅದೇ ಅವಳ ಮೊದಲ ಮಾತು. ಮುಂದೆ ಅವಳು ಬ್ರೈಲ್ ಓದಿದಳು, ಬರೆದಳು, ತನ್ನಂಥವರೇ ಆದ ಇತರ ಮಕ್ಕಳಿಗೆ ಆಸರೆಯಾದಳು.

ಇನ್ನು ಮೂರು ದಿನಕ್ಕೆ, ಜೂನ್ 27ಕ್ಕೆ, ಹೆಲೆನ್ ಕೆಲ್ಲರ್ ಅವರ ಜನ್ಮದಿನ. 1880ರಲ್ಲಿ ಹುಟ್ಟಿದ ಅವರು 19 ತಿಂಗಳ ಮಗುವಾಗಿದ್ದಾಗ ಕಾಯಿಲೆ ಬಿದ್ದು ಎರಡೂ ಇಂದ್ರಿಯಗಳನ್ನು ಕಳೆದುಕೊಂಡರು. 1887ರಲ್ಲಿ ಆನ್ ಸಲಿವನ್ ಎಂಬ ಇಪ್ಪತ್ತು ವರ್ಷದ ಶಿಕ್ಷಕಿ ಅವರ ಮನೆಗೆ ಬಂದರು. ಆ ಶಿಕ್ಷಕಿಗೂ ಕಣ್ಣು ಮಂದವೇ. ಪಂಪಿನ ನೀರು ಹೆಲೆನ್‌ಳ ಒಂದು ಕೈಮೇಲೆ ಸುರಿಯುತ್ತಿರುವಾಗ, ಇನ್ನೊಂದು ಅಂಗೈಯಲ್ಲಿ ಆನ್ ನೀರು ಎಂಬ ಪದದ ಅಕ್ಷರಗಳನ್ನು ಬೆರಳುಗಳಿಂದ ಮೂಡಿಸಿದರು. ಎಲ್ಲಕ್ಕೂ ಹೆಸರುಂಟು ಎಂದು ಆ ಮಗುವಿಗೆ ಹೊಳೆಯಿತು. 1904ರಲ್ಲಿ ಹೆಲೆನ್ ಪದವಿ ಪಡೆದಾಗಲೂ ಆನ್ ಪಕ್ಕದಲ್ಲಿದ್ದರು. 1936ರಲ್ಲಿ ತೀರಿಹೋಗುವವರೆಗೆ, 49 ವರ್ಷ, ಆ ಕೈ ಜೊತೆಗಿತ್ತು. ನಾವು ಹೆಲೆನ್ ಕೆಲ್ಲರ್ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡುತ್ತೇವೆ, ಆ ಶಿಕ್ಷಕಿಯ ಹೆಸರನ್ನು ಮರೆಯುತ್ತೇವೆ.

ನಮ್ಮ ದೇಶದಲ್ಲಿ ಬೆರೋಜ್ ವಾಚಾ ಎಂಬುವರು 1977ರಲ್ಲಿ ಮುಂಬೈಯಲ್ಲಿ ಹೆಲೆನ್ ಕೆಲ್ಲರ್ ಹೆಸರಿನಲ್ಲೇ ಸಂಸ್ಥೆಯೊಂದನ್ನು ಆರಂಭಿಸಿದರು. 1997ರಿಂದ ಅಹಮದಾಬಾದಿನ ಸೆನ್ಸ್ ಇಂಡಿಯಾ ಸಂಸ್ಥೆ ದೇಶದಾದ್ಯಂತ ಇಂಥ ಮಕ್ಕಳಿಗಾಗಿ ದುಡಿಯುತ್ತಿದೆ. ಭಾರತದಲ್ಲಿ ಸುಮಾರು 5 ಲಕ್ಷ ಮಂದಿ ಹೀಗಿರಬಹುದು ಎಂಬುದು ಅವರ ಅಂದಾಜು. 1995ರ ಅಂಗವಿಕಲರ ಕಾಯ್ದೆಯಲ್ಲಿ ಇವರ ಹೆಸರೇ ಇರಲಿಲ್ಲ. 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದಾಗ, ಕಣ್ಣು ಕಿವಿ ಎರಡೂ ಇಲ್ಲದಿರುವುದನ್ನು ಬಹುವಿಧ ವೈಕಲ್ಯದ ಕೆಳಗೆ ಸೇರಿಸಿತು. ಜಕರೀಯನ ಮನೆಯಲ್ಲಾದಂತೆ, ಇಲ್ಲೂ ಹೆಸರು ತಡವಾಗಿಯೇ ಬರೆಯಲ್ಪಟ್ಟಿತು.

ನಮ್ಮ ನಾಲ್ಕು ತಾಲ್ಲೂಕುಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ಕಡಿಮೆ, ಊರುಗಳು ದೂರ ದೂರ. ಪಾವಗಡವಂತೂ ಹೆಚ್ಚುಕಡಿಮೆ ಆಂಧ್ರದ ನಡುವೆ ನಿಂತಿದೆ. ಶೇಂಗಾ ಕೈಹಿಡಿಯದ ವರ್ಷ ಗಂಡ ಹೆಂಡತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ, ಇಂಥ ಮಗು ಅಜ್ಜಿಯ ಪಾಲಾಗುತ್ತದೆ. ಪ್ರತಿ ತಾಲ್ಲೂಕಿನ ಬಿ.ಆರ್.ಸಿ. ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆ ಇದೆ, ಬಿ.ಐ.ಇ.ಆರ್.ಟಿ. ಎನ್ನುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ವಿಕಲಚೇತನರೇ. ಆದರೆ ಬೆರಳೆಣಿಕೆಯ ಶಿಕ್ಷಕರು ಒಂದಿಡೀ ತಾಲ್ಲೂಕನ್ನು ಸುತ್ತಬೇಕು. ಎಲ್ಲ ಬಗೆಯ ಮಕ್ಕಳನ್ನೂ ನೋಡಿಕೊಳ್ಳಬೇಕು. ಪ್ರತಿದಿನ ಬೇಕಾದ ಕೈ ಅಪರೂಪಕ್ಕೆ ಸಿಗುತ್ತದೆ. ಉಳಿದ ದಿನಗಳಲ್ಲಿ ಮಗು ಮತ್ತೆ ಗೋಡೆಗೆ ಬೆನ್ನು ಕೊಡುತ್ತದೆ.

ಹಾಗಾದರೆ ನಾವೇನು ಮಾಡಬಹುದು?

ಮೊದಲನೆಯದಾಗಿ, ಮುಚ್ಚಿಡಬೇಡಿ. ಪೂರ್ವಜನ್ಮದ ಕರ್ಮ, ಹೆತ್ತವರ ಪಾಪ ಎಂಬ ಮಾತುಗಳನ್ನು ನಮ್ಮ ಮನೆಗಳಲ್ಲೂ ಕೇಳಿದ್ದೇನೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದನ್ನೇ ಕೇಳಿದಾಗ, ಪಾಪ ಇವನದೂ ಅಲ್ಲ ಹೆತ್ತವರದೂ ಅಲ್ಲ ಎಂದು ಪ್ರಭು ಸ್ಪಷ್ಟವಾಗಿ ಹೇಳಿಬಿಟ್ಟರು (ಯೊವಾನ್ನ 9). ನಿಮ್ಮ ಬೀದಿಯಲ್ಲಿ, ಯಾವ ಧರ್ಮದವರ ಮನೆಯಲ್ಲೇ ಆಗಲಿ, ಹೀಗೊಂದು ಮಗು ಇದ್ದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೋ ಬಿ.ಆರ್.ಸಿ. ಕಚೇರಿಗೋ ತಿಳಿಸಿ. ನನಗೆ ಹೇಳಿದರೂ ಸರಿ, ನಾನು ಹೋಗುತ್ತೇನೆ.

ಎರಡನೆಯದಾಗಿ, ಎರಡನ್ನೂ ಪರೀಕ್ಷಿಸಿ. ಕಿವಿ ಕೇಳದ ಮಗುವಿನ ಕಣ್ಣನ್ನು, ಕಣ್ಣು ಕಾಣದ ಮಗುವಿನ ಕಿವಿಯನ್ನು ತಪ್ಪದೆ ತೋರಿಸಿ. ಅಶರ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯದ ಕಾಯಿಲೆಯಲ್ಲಿ ಮಗು ಹುಟ್ಟುವಾಗಲೇ ಕಿವಿ ಮಂದವಿರುತ್ತದೆ, ಬೆಳೆಯುತ್ತಾ ಇರುಳುಗಣ್ಣು ಬಂದು ನೋಟ ಸುತ್ತಲಿನಿಂದ ಕಿರಿದಾಗುತ್ತದೆ. ಕಿವುಡ ಹುಡುಗ ಮುಸ್ಸಂಜೆ ಎಡವುತ್ತಿದ್ದರೆ ತುಂಟತನ ಎಂದು ಬೈಯಬೇಡಿ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಇಂಥ ಕಾಯಿಲೆಗಳ ಸಂಭವ ಹೆಚ್ಚು. ಅಂಥ ಮದುವೆಗೆ ಧರ್ಮಸಭೆಯ ಅನುಮತಿ ಬೇಕೆಂಬ ನಿಯಮವನ್ನು ಬರೀ ಕಾಗದದ ಕೆಲಸ ಎಂದುಕೊಳ್ಳಬೇಡಿ. ಬಸುರಿಯಾದ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯ ಮೂರಕ್ಕೂ ಪೆಟ್ಟು ಬೀಳಬಹುದು. ಇದಕ್ಕೆ ಲಸಿಕೆ ಇದೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಮಕ್ಕಳಿಗೆ ಎರಡೂ ಡೋಸ್ ತಪ್ಪಿಸಬೇಡಿ.

ಮೂರನೆಯದಾಗಿ, ನಮ್ಮ ಯುವಜನರಿಗೆ ಒಂದು ಮಾತು. ಪಿ.ಯು.ಸಿ. ಮುಗಿಸಿ ಮುಂದೇನು ಎಂದು ಕೇಳಿಕೊಂಡು ಬರುವವರಿಗೆ ನರ್ಸಿಂಗ್, ಐ.ಟಿ.ಐ. ಎಂದು ನಾನು ಹೇಳುತ್ತಾ ಬಂದಿದ್ದೇನೆ. ವಿಶೇಷ ಶಿಕ್ಷಣದ ಡಿಪ್ಲೊಮಾ ಇದೆ ಎಂದು ಹೇಳಲಿಲ್ಲ, ಅದು ನನ್ನದೇ ತಪ್ಪು. ಬಹುವಿಧ ವೈಕಲ್ಯಗಳಿಗಾಗಿಯೇ 2005ರಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿದೆ. ಈ ನಾಲ್ಕು ತಾಲ್ಲೂಕುಗಳಿಂದ ನಾಲ್ಕು ಮಂದಿ ತರಬೇತಿ ಪಡೆದು ಹಿಂತಿರುಗಿದರೂ ಸಾಕು, ಎಷ್ಟೋ ಗೋಡೆಗಳು ಬೆನ್ನಿಲ್ಲದೆ ಉಳಿಯುತ್ತವೆ. ಅಂಥವರ ಫೀಸಿನಲ್ಲಿ ಒಂದು ಪಾಲನ್ನು ಹಬ್ಬದ ಪಟಾಕಿ, ಬ್ಯಾಂಡ್‌ಸೆಟ್‌ನ ಖರ್ಚಿನಿಂದ ಉಳಿಸಲಾಗದೇ?

ನಾನು ಕುಗ್ಗಬೇಕು

ಈ ಕೆಲಸಕ್ಕೆ ಬರುವವರಿಗೆ ಒಂದು ಎಚ್ಚರಿಕೆಯೂ ಬೇಕು. ಆ ಶಿಕ್ಷಕಿ ಹುಡುಗನಿಗೆ ತುತ್ತು ತಿನ್ನಿಸಿದ್ದನ್ನು ನಾನು ಕಾಣಲಿಲ್ಲ. ತಟ್ಟೆಯ ಅಂಚನ್ನು ತೋರಿಸಿ, ಅವನ ಕೈ ತಾನೇ ಮುದ್ದೆ ಮುರಿಯುವವರೆಗೆ ಕಾಯುತ್ತಿದ್ದರು. ಮನೆಯವರಿಗೆ ಅದು ಕಠಿಣವೆನಿಸುತ್ತಿತ್ತು. "ಅವನಿಗಾಗಿ ಮಾಡಿದರೆ ನಾನು ಹೋದ ದಿನ ಅವನು ಉಪವಾಸ. ಅವನ ಜೊತೆ ಮಾಡಿದರೆ ಅವನೇ ಉಣ್ಣುತ್ತಾನೆ," ಎಂದರು ಆಕೆ. ಸ್ನಾನಿಕ ಯೊವಾನ್ನರು ಯೇಸುವನ್ನು ಕುರಿತು, ಅವರು ಬೆಳೆಯಬೇಕು ತಾನು ಕುಗ್ಗಬೇಕು ಎಂಬರ್ಥದ ಮಾತು ಹೇಳಿದರು. ಅವರ ಹಬ್ಬದ ಹೊತ್ತಿನಿಂದ ಹಗಲು ಕುಗ್ಗತೊಡಗುತ್ತದೆ, ಕ್ರಿಸ್ತಜಯಂತಿಯ ಹೊತ್ತಿನಿಂದ ಬೆಳೆಯತೊಡಗುತ್ತದೆ ಎಂದು ಸಂತ ಅಗಸ್ಟೀನರು ಗುರುತಿಸಿದ್ದರು. ಒಳ್ಳೆಯ ಸಂಗಾತಿಯೂ ಹಾಗೆಯೇ ಮಗು ಬೆಳೆದಂತೆ ತಾನು ಹಿಂದೆ ಸರಿಯುತ್ತಾನೆ.

ಕಡೆಯದಾಗಿ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಬಳೆ ಶಿಕ್ಷಕಿಯ ಹೆಸರಾದಂತೆ, ತಾಯಿಗೂ ಒಂದು ಹೆಸರು ಬೇಕಿತ್ತು. ಅವರ ಮೂಗುಬೊಟ್ಟನ್ನು ಆರಿಸಿಕೊಂಡರು. ಮಗನ ಬಳಿ ಬಂದಾಗಲೆಲ್ಲ ಅವನ ಬೆರಳನ್ನು ಮೂಗುಬೊಟ್ಟಿಗೆ ತಾಗಿಸಿ, ಆಮೇಲೆ ಅವನ ಮೂಗಿನ ಪಕ್ಕವನ್ನೇ ಮುಟ್ಟುವುದು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಸುಮಾರು ಒಂದೂವರೆ ವರ್ಷದ ಮೇಲೆ, ತಾಯಿ ಜ್ವರದಿಂದ ಎರಡು ದಿನ ಹೊರಗಿನ ಕೋಣೆಯಲ್ಲಿ ಮಲಗಿದ್ದಾಗ, ಹುಡುಗ ಗೋಡೆ ಹಿಡಿದುಕೊಂಡು ಎದ್ದು ಅಜ್ಜಿಯ ಕೈಯನ್ನು ಹುಡುಕಿ ಹಿಡಿದ. ಇನ್ನೊಂದು ಕೈಯಿಂದ ತನ್ನ ಮೂಗಿನ ಪಕ್ಕವನ್ನು ಮುಟ್ಟಿಕೊಂಡ. ಮತ್ತೆ ಮುಟ್ಟಿಕೊಂಡ. ಅಮ್ಮ ಎಲ್ಲಿ ಎಂದು ಅವನು ಕೇಳುತ್ತಿದ್ದ.

ಆ ತಾಯಿ ಇದನ್ನು ನನಗೆ ಹೇಳಿದಾಗ ನಾನು ಎಲಿಜಬೇತಳನ್ನು ನೆನೆದೆ. ಗರ್ಭದ ಕತ್ತಲಲ್ಲಿದ್ದ ಯೊವಾನ್ನ ಮರಿಯಮ್ಮನವರ ಭೇಟಿಯ ಹೊತ್ತಿಗೆ ನಲಿದಾಡಿದ. ಅವನಿಗಿನ್ನೂ ಮಾತಿರಲಿಲ್ಲ, ಮೈ ಹೊರಳಿದ್ದೇ ಮಾತಾಯಿತು. ಆ ಹೊರಳಾಟವನ್ನು ಎಲಿಜಬೇತಳು ಓದಬಲ್ಲವಳಾಗಿದ್ದಳು. ಕತ್ತಲೆಯಲ್ಲಿರುವ ಮಗು ಏನನ್ನೋ ಹೇಳುತ್ತಲೇ ಇರುತ್ತದೆ. ಅದನ್ನು ಓದಬಲ್ಲ ಒಬ್ಬರು ಬೇಕು.

ಇತ್ತೀಚೆಗೆ ಆ ಮನೆಗೆ ಹೋದಾಗ ನಾನು ತಲೆಯ ಮೇಲೆ ಕೈಯಿಡಲಿಲ್ಲ. ಅವನ ಮುಂಗೈ ಮುಟ್ಟಿ ಕಾದೆ. ನನ್ನ ಕೊರಳಿನ ಶಿಲುಬೆಯನ್ನು ಅವನ ಬೆರಳಿಗೆ ಕೊಟ್ಟೆ. ಅದು ನನ್ನ ಹೆಸರು. ಅವನು ಅದನ್ನು ಸವರಿ ನೋಡಿ, ಕೆಳಗಿದ್ದ ನನ್ನ ಅಂಗೈಯ ಮೇಲೆ ತನ್ನ ಕೈಯಿಟ್ಟ. ಅಂದು ಆಶೀರ್ವಾದ ಪಡೆದವನು ನಾನೇ.

ಇಂದು ಮೊದಲ ವಾಚನದಲ್ಲಿ ಕೇಳಿದ ಯೆಶಾಯನ ಅಧ್ಯಾಯವನ್ನು ಮನೆಗೆ ಹೋಗಿ ಮುಂದಕ್ಕೆ ಓದಿ. ದೇವರು ತಮ್ಮ ಜನರನ್ನು ತಮ್ಮ ಅಂಗೈಯಲ್ಲೇ ಕೊರೆದುಕೊಂಡಿದ್ದಾರೆಂದು ಅಲ್ಲಿ ಪ್ರವಾದಿ ಹೇಳುತ್ತಾನೆ. ನಮ್ಮ ನಾಲ್ಕು ತಾಲ್ಲೂಕುಗಳ ಒಳಕೋಣೆಗಳಲ್ಲಿ ಕೂತಿರುವ ಮಕ್ಕಳ ಹೆಸರುಗಳೂ ಆ ಅಂಗೈಯಲ್ಲಿವೆ. ಅವನ್ನು ಆ ಮಕ್ಕಳ ಅಂಗೈಯಲ್ಲಿ ಬರೆಯುವ ಕೈಗಳನ್ನು ನಮ್ಮ 'ಧರ್ಮಕೇಂದ್ರದ ಮನೆಗಳಿಂದ ಪ್ರಭು ಕರೆಯಲಿ. ಕರೆದಾಗ ಕೈಚಾಚುವ ಮನಸ್ಸನ್ನು ಸ್ನಾನಿಕ ಯೊವಾನ್ನರ ಬಿನ್ನಹದ ಮೂಲಕ ನಮಗೆ ದಯಪಾಲಿಸಲಿ. ಆಮೆನ್.